ಅವ್ವನಿಗೆ ಅರ್ಥವಾಗದ ಮಾತು

ಮೊದಲು ಕೆಟ್ಟದ್ದು ನನ್ನ ಬಲಗೈ. ಅದು ನನಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಎಡಗೈ ಸದ್ದಿಲ್ಲದೆ ಅದರ ಕೆಲಸ ವಹಿಸಿಕೊಂಡಿತ್ತು.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿಯಿಂದ ಸಿದ್ದಾಪುರದ ಮೇಲೆ ವಿರಾಜಪೇಟೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಹೆಸರು ಕುಶಾಲಪ್ಪ. ನಮ್ಮ ಮನೆಮಾತು ಕೊಡಗಿನ ಗೌಡರ ಅರೆಭಾಷೆ. ಬಸ್ಸಿಗೆ ಹತ್ತಿದ ಮೇಲೆ ಮಾತ್ರ ಎದುರಿಗೆ ಯಾರಿದ್ದಾರೋ ಅವರ ಭಾಷೆ ನನ್ನದು. ಕೊಡವರ ಜೊತೆ ಕೊಡವ ಭಾಷೆ, ಅಂಗಡಿಯವರ ಜೊತೆ ಮಲಯಾಳ, ಎಸ್ಟೇಟಿನ ಕೂಲಿಗಳ ಜೊತೆ ತಮಿಳು, ಆಫೀಸಿನವರ ಜೊತೆ ಶಾಲೆಯ ಕನ್ನಡ. ಇದನ್ನೆಲ್ಲ ಯಾರೂ ಕಲಿಸಿದ್ದಲ್ಲ. ರಸ್ತೆಯಲ್ಲಿ ಧೂಳು ಹತ್ತಿದ ಹಾಗೆ ಹತ್ತಿಕೊಂಡಿದ್ದು.

ಒಂದು ದಿನ ಡ್ರೈವರ್ ಮೊಯ್ದು ಚೆಟ್ಟಳ್ಳಿಯಲ್ಲಿ ಕಾಫಿ ಕುಡಿಯುತ್ತಾ ಕೇಳಿದ, "ಅಲ್ಲ ಕುಶಾಲಪ್ಪಣ್ಣ, ನೀವು ಯಾವಾಗಿಂದ ಎಡಚ ಆದ್ರಿ?"

ನಾನು ಕೈ ನೋಡಿಕೊಂಡೆ. ಲೋಟ ಎಡಗೈಯಲ್ಲಿತ್ತು. ಟಿಕೆಟ್ ಹರಿಯುವುದು, ಕಂಬಿ ಹಿಡಿಯುವುದು, ಸೀಟಿ ತೆಗೆಯುವುದು ಎಲ್ಲ ಎಡಗೈಯಲ್ಲೇ ಮಾಡುತ್ತಿದ್ದೇನೆ ಎಂದು ಆಗ ತಿಳಿಯಿತು. ಬಲಗೈ ಕೋಟಿನ ಜೇಬಿನಲ್ಲಿ ಸುಮ್ಮನೆ ಬಿದ್ದಿತ್ತು. ಇಬ್ಬರೂ ನಕ್ಕೆವು.

ಆಮೇಲೆ ಮಾತು ಎಡವತೊಡಗಿತು. ಆ ದಿನಗಳಲ್ಲಿ ಬಸ್ಸಿನಲ್ಲಿ ದಿನಾ ಒಂದೇ ಜಗಳ. ಕೊಡಗು ಬೇರೆಯಾಗಿಯೇ ಉಳಿಯಬೇಕೋ, ಮೈಸೂರಿಗೆ ಸೇರಬೇಕೋ? ನಾನು ಅದರಲ್ಲಿ ತಲೆಹಾಕದೆ ಇದ್ದವನಲ್ಲ. ಒಮ್ಮೆ ಯಾರದೋ ಮಾತಿಗೆ ಉತ್ತರ ಕೊಡಲು ಬಾಯಿ ತೆರೆದೆ; ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟವಾಗಿತ್ತು, ನಾಲಿಗೆಗೆ ಬರಲಿಲ್ಲ. ಎದುರಿನವರು ಕಾದರು, ನಕ್ಕರು, ಬೇರೆ ಮಾತಿಗೆ ಹೋದರು. ಊರ ಹೆಸರುಗಳೂ ಹಾಗೇ ಜಾರತೊಡಗಿದವು. ಊರಿನ ಹೆಸರು ಹೇಳದೆ "ಮುಂದೆ ಇಳಿಯೋರು ಯಾರು?" ಎಂದು ಕೇಳಿ ಕೆಲಸ ಸಾಗಿಸುತ್ತಿದ್ದೆ. ಎಷ್ಟೋ ವಾರ ಯಾರಿಗೂ ಗೊತ್ತಾಗಲಿಲ್ಲ. ನನಗೂ ಅದು ಆಯಾಸ ಎಂದೇ ಅನಿಸಿತ್ತು.

ಕೊನೆಗೆ ಮಡಿಕೇರಿಯ ಬಸ್ ನಿಲ್ದಾಣದಲ್ಲಿ, ಜನ ಹತ್ತುತ್ತಿರುವಾಗಲೇ ಮೂರ್ಛೆ ಬಂದು ಬಿದ್ದೆ. ಎಚ್ಚರವಾದಾಗ ಮೊಯ್ದುವಿನ ತೊಡೆಯ ಮೇಲೆ ತಲೆ ಇತ್ತು. ಅವನ ಬೆರಳಿನಿಂದ ರಕ್ತ ಸೋರುತ್ತಿತ್ತು. ನಾನು ನಾಲಿಗೆ ಕಚ್ಚಿಕೊಳ್ಳಬಾರದೆಂದು ಬಾಯೊಳಗೆ ತನ್ನ ಬೆರಳು ಕೊಟ್ಟಿದ್ದನಂತೆ. ಸುತ್ತ ನಿಂತ ಪ್ರಯಾಣಿಕರಲ್ಲಿ ನನ್ನನ್ನು ಗುರುತಿಸದವರು ಒಬ್ಬರೂ ಇರಲಿಲ್ಲ. ನಾಚಿಕೆಯಿಂದ ಮತ್ತೆ ಕಣ್ಣು ಮುಚ್ಚಿಕೊಂಡೆ.

ಮಡಿಕೇರಿಯ ಡಾಕ್ಟರು ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ನನ್ನ ಹೆಂಡತಿ ದೇವಕಿಯ ಕಡೆ ತಿರುಗಿ, "ತಲೆಯೊಳಗೆ ಗಂಟು ಇರಬಹುದು. ಮದ್ರಾಸಿಗೆ ಕರ್ಕೊಂಡು ಹೋಗಿ. ತಡ ಮಾಡ್ಬೇಡಿ" ಎಂದರು. ರೋಗಿ ನಾನು, ಮಾತೆಲ್ಲ ಅವಳ ಜೊತೆ. ಅಲ್ಲಿಂದ ಮುಂದೆ ಎಲ್ಲರೂ ಹಾಗೇ ಮಾಡಿದರು.

ಮಗಳು ಪುಷ್ಪಾಳನ್ನು ಅವ್ವನ ಬಳಿ ಬಿಟ್ಟೆವು. ಅವ್ವ ಎಂದರೆ ನನ್ನ ತಾಯಿ. ಅಪ್ಪ ಹೋದ ಮೇಲೆ ನಮ್ಮ ಜೊತೆಯೇ ಇದ್ದಳು. ಅವಳಿಗೆ ಅರೆಭಾಷೆ ಬಿಟ್ಟು ಬೇರೆ ಗೊತ್ತಿಲ್ಲ. ಹೊರಡುವಾಗ ನನ್ನ ತಲೆ ಸವರಿ, ಗಂಟು ಕೈಗೆ ಸಿಗುತ್ತದೆಯೋ ಎಂದು ಹುಡುಕಿದಳು. "ಎಂತದೂ ಇಲ್ಲೆ. ಡಾಕ್ಟ್ರಿಗೆ ಗೊತ್ತಿಲ್ಲೆ" ಎಂದಳು. ಅವಳ ಬೆರಳಿಗೆ ಸಿಗದ್ದು ಇರಲು ಸಾಧ್ಯವಿಲ್ಲ ಎಂದು ಆ ಕ್ಷಣ ನಾನೂ ನಂಬಿದೆ.

ದೇವಕಿಯ ಅಣ್ಣ ಬೆಳ್ಯಪ್ಪ ಭಾವ ನಮ್ಮ ಜೊತೆ ಬಂದ. ಅವನು ಸಿದ್ದಾಪುರದ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್, ಇಂಗ್ಲಿಷ್ ಬಲ್ಲವನು. ಬಸ್ಸಿನಲ್ಲಿ ಮೈಸೂರು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಭಾವ ಪಕ್ಕದವರಿಗೆಲ್ಲ ನನ್ನ ಕಾಯಿಲೆ ವಿವರಿಸಿದ. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಸಂಕಟವಾದರೂ ಸುಮ್ಮನಿರು ಎನ್ನಲು ಮಾತು ಕೂಡಿಬರಲಿಲ್ಲ.

ಮದ್ರಾಸಿನ ಆಸ್ಪತ್ರೆಯ ಉದ್ದನೆಯ ಜಗಲಿಯ ಬೆಂಚನ್ನು ನಾನು ಈಗಲೂ ಕಣ್ಣು ಮುಚ್ಚಿ ಮುಟ್ಟಬಲ್ಲೆ. ಯಾವುದಕ್ಕೆ ಕಾಯುತ್ತಿದ್ದೇವೆ ಎಂದು ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೆಸರು ಕರೆದರೆ ಏಳುವುದು, ಒಳಗೆ ಹೋಗುವುದು, ಮತ್ತೆ ಬಂದು ಅದೇ ಬೆಂಚು. ಕುತ್ತಿಗೆಯ ರಕ್ತನಾಳಕ್ಕೆ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದರು. ತಲೆಯೊಳಗೆ ಬೆಂಕಿ ಹರಿದಂತಾಯಿತು. ಆ ಬೆಂಚಿನ ಮೇಲೆ ಸೇಲಂ ಕಡೆಯ ಒಬ್ಬ ಅಮ್ಮ ಇದ್ದರು. ಅವರ ಮಗ ನಮ್ಮ ವಾರ್ಡಿನಲ್ಲೇ ಮಲಗಿದ್ದ. ಮಾತು ಗೊತ್ತಿಲ್ಲದ ದೇವಕಿಯನ್ನು ಕಂಡು ಪ್ರತಿದಿನ ತಮ್ಮ ಮಜ್ಜಿಗೆಯಲ್ಲಿ ಅರ್ಧ ಅವಳಿಗೆ ಕೊಡುತ್ತಿದ್ದರು. ದೇವಕಿ ಅರೆಭಾಷೆಯಲ್ಲಿ, ಅವರು ತಮಿಳಿನಲ್ಲಿ, ಇಬ್ಬರೂ ತಮ್ಮತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರು.

ಗಂಟು ಎಡಭಾಗದಲ್ಲಿತ್ತು. ಡಾಕ್ಟರು ಗಂಭೀರ ಮನುಷ್ಯ, ಅವಸರ ಇರಲಿಲ್ಲ. ಭಾವ ಅವರ ಇಂಗ್ಲಿಷನ್ನು ನಮಗೆ ಕನ್ನಡದಲ್ಲಿ ಹೇಳುತ್ತಾ ಹೋದ.

"ಮಾತು ಹುಟ್ಟುವ ಜಾಗದ ಪಕ್ಕದಲ್ಲೇ ಉಂಟಂತೆ. ತುಂಬಾ ವರ್ಷದಿಂದ ನಿಧಾನಕ್ಕೆ ಬೆಳೆದದ್ದಂತೆ. ಅದು ಒತ್ತಿದ ಹಾಗೆಲ್ಲ ಮೆದುಳು ಅಲ್ಲಿನ ಕೆಲಸವನ್ನ ಸ್ವಲ್ಪ ಸ್ವಲ್ಪ ಬೇರೆ ಕಡೆಗೆ ಸಾಗಿಸಿರಬಹುದಂತೆ. ಇಷ್ಟು ದೊಡ್ಡ ಗಂಟು ಇಟ್ಕೊಂಡು ಇವರು ಬಸ್ಸಿನಲ್ಲಿ ಕೆಲಸ ಮಾಡಿದ್ದೇ ಅದಕ್ಕೆ ಸಾಕ್ಷಿ ಅಂತಾರೆ."

"ತೆಗ್ದ ಮೇಲೆ ಮಾತು?" ದೇವಕಿ ಕೇಳಿದಳು.

ಭಾವ ಕೇಳಿದ. ಡಾಕ್ಟರು ನನ್ನನ್ನೇ ನೋಡಿ ಉತ್ತರ ಹೇಳಿದರು. ಮದ್ರಾಸಿನಲ್ಲಿ ನನ್ನ ಮುಖ ನೋಡಿ ಮಾತಾಡಿದವರು ಅವರೊಬ್ಬರೇ. ಭಾವ ಮೆಲ್ಲಗೆ, "ಎಷ್ಟು ಸಾಗಿಸಿದೆ, ಎಷ್ಟು ಅಲ್ಲೇ ಉಳಿದಿದೆ, ತೆಗೆದು ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲವಂತೆ" ಎಂದ.

ಶಸ್ತ್ರಕ್ರಿಯೆಯ ಹಿಂದಿನ ದಿನ ತಲೆ ಬೋಳಿಸಿದರು. ಸಂಜೆ ದೇವಕಿ ಮಂಚದ ಪಕ್ಕ ನೆಲದ ಮೇಲೆ ಕೂತು, "ಏನಾದ್ರೂ ಮಾತಾಡಿ. ನಾ ಕೇಳ್ತಾ ಇರ್ತೆ" ಎಂದಳು. ಹೇಳಬೇಕಾದ್ದು ಎಷ್ಟೋ ಇತ್ತು. ಪುಷ್ಪಾಳನ್ನು ಓದಿಸು ಎನ್ನಬೇಕಿತ್ತು. ನಿನ್ನ ಜೊತೆ ಸುಖವಾಗಿದ್ದೆ ಎಂದು ಒಂದು ಸಲವೂ ಹೇಳಿರಲಿಲ್ಲ, ಅದನ್ನು ಹೇಳಬೇಕಿತ್ತು. ಯಾವುದೂ ಬರಲಿಲ್ಲ. ಕೊನೆಗೆ ಬಂದದ್ದು ನಮ್ಮ ಬಸ್ಸು ನಿಲ್ಲುವ ಊರುಗಳ ಹೆಸರು. ಅಷ್ಟು ದಿನ ಜಾರುತ್ತಿದ್ದ ಹೆಸರುಗಳು ಆ ಸಂಜೆ ಒಂದರ ಹಿಂದೆ ಒಂದು ಬಂದವು. ಮಡಿಕೇರಿಯಿಂದ ವಿರಾಜಪೇಟೆಯವರೆಗೆ ಹೇಳಿದೆ, ಮತ್ತೆ ತಿರುಗಿ ಮಡಿಕೇರಿಯವರೆಗೆ ಹೇಳಿದೆ. ಅವಳು ದೇವರ ನಾಮ ಕೇಳುವ ಹಾಗೆ ಕಣ್ಣು ಮುಚ್ಚಿ ಕೇಳಿದಳು.

ಎಚ್ಚರವಾದಾಗ ಪ್ರಪಂಚ ಬಹಳ ಸದ್ದು ಮಾಡುತ್ತಿತ್ತು. ದೇವಕಿಯ ಮುಖ ಮೇಲೆ ಬಾಗಿತ್ತು.

"ನಾ ಯಾರ್ ಹೇಳಿ? ಹೇಳಿ, ನಾ ಯಾರ್?"

ಅವಳು ಯಾರೆಂದು ನನಗೆ ಗೊತ್ತಿತ್ತು. ಅವಳ ಹೆಸರಿನ ಜಾಗ ಕೂಡ ಗೊತ್ತಿತ್ತು, ಆದರೆ ಅಲ್ಲಿ ಕೈಹಾಕಿದರೆ ಏನೂ ಸಿಗುತ್ತಿರಲಿಲ್ಲ. ಬಾಯಿಂದ ಗಾಳಿ ಮಾತ್ರ ಬಂತು. ಅವಳು ಗಟ್ಟಿಯಾಗಿ ಕೇಳಿದಳು. ಭಾವ ಇನ್ನೂ ಗಟ್ಟಿಯಾಗಿ ಕೇಳಿದ. ಕಿವುಡನಿಗೆ ಕೂಗುವಂತೆ ಎಲ್ಲರೂ ನನಗೆ ಕೂಗುತ್ತಿದ್ದರು. ಒಂದೊಂದು ಕೂಗಿಗೂ ಬರಲಿದ್ದ ಅಷ್ಟಿಷ್ಟೂ ಒಳಗೆ ಓಡಿಹೋಗುತ್ತಿತ್ತು.

ಎಷ್ಟೋ ದಿನ ಹಾಗೆ ಹೋಯಿತು. ಬಾಯಾರಿದರೆ ಲೋಟ ತೋರಿಸುತ್ತಿದ್ದೆ, ಅವಳು ಹೊದಿಕೆ ಸರಿ ಮಾಡುತ್ತಿದ್ದಳು. ಹೊದಿಕೆ ಬೇಡವೆಂದು ಒದ್ದರೆ ನೋವೆಂದು ತಿಳಿದು ನರ್ಸನ್ನು ಕರೆಯುತ್ತಿದ್ದಳು. ನಾನು ಅಳುತ್ತಿದ್ದೆ. ದೇವಕಿ ಮಾತ್ರ ಅಳಲಿಲ್ಲ.

ಒಂದು ಬೆಳಿಗ್ಗೆ ಔಷಧಿಯ ತಟ್ಟೆ ಹಿಡಿದು ಬಂದ ನರ್ಸಿಗೆ ನಾನು ಹೇಳಿದೆ, "ತಣ್ಣಿ ವೇಣುಂ."

ನೀರು ಬೇಕು ಎಂದು, ತಮಿಳಿನಲ್ಲಿ. ನರ್ಸು ಅದೇನೂ ವಿಶೇಷವಲ್ಲ ಎಂಬಂತೆ ನೀರು ಕೊಟ್ಟಳು. ದೇವಕಿ ಎದ್ದು ನಿಂತಳು. "ಮಾತು ಬಾತ್! ಅಣ್ಣ, ಮಾತು ಬಾತ್!" ಎಂದು ವಾರ್ಡಿನಲ್ಲೆಲ್ಲ ಓಡಾಡಿದಳು. ಸೇಲಂನ ಅಮ್ಮ ಬಂದು ನನ್ನ ಕೆನ್ನೆ ಸವರಿ ತಮ್ಮ ಮಗನ ಮಂಚದ ಕಡೆ ನೋಡಿದರು. ಅವನಿಗೆ ಇನ್ನೂ ಎಚ್ಚರವೇ ಆಗಿರಲಿಲ್ಲ.

ಬಂದದ್ದು ತಮಿಳು ಮಾತ್ರ. ಬಸ್ಸಿನ ಬಾಗಿಲಲ್ಲಿ ಆಡಿ ಕಲಿತ ತಮಿಳು. ಏರು, ಇಳಿ, ಬೇಗ ಬಾ, ಬೇಡ, ಸಾಕು, ನೋವು. ಮನೆಯ ಮಾತು ಕೇಳಿದರೆ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಹೋದರೆ ತಮಿಳು ಬರುತ್ತಿತ್ತು. ಮನೆಯ ಮಾತು ಇದ್ದ ಜಾಗ ಗಂಟಿಗೆ ಹತ್ತಿರವಿತ್ತೋ, ಆಮೇಲೆ ಕಲಿತದ್ದು ಬೇರೆಲ್ಲೋ ಉಳಿದಿತ್ತೋ, ಇಲ್ಲ ಸುತ್ತ ಕಿವಿಗೆ ಬೀಳುತ್ತಿದ್ದದ್ದು ತಮಿಳೆಂದು ಮೆದುಳು ಅದನ್ನೇ ಹಿಡಿದುಕೊಂಡಿತೋ! ಡಾಕ್ಟರು ಮೂರೂ ಇರಬಹುದು ಎಂದರು.

ಅಂದಿನಿಂದ ದೇವಕಿ ಸೇಲಂನ ಅಮ್ಮನ ಬಳಿ ತಮಿಳು ಕಲಿಯತೊಡಗಿದಳು. ಲೋಟ ಎತ್ತಿ ತೋರಿಸಿ ಹೆಸರು ಕೇಳುವಳು, ಬಾಯಲ್ಲಿ ಹೊರಳಿಸುವಳು, ನನ್ನ ಬಳಿ ಬಂದು ಒಪ್ಪಿಸುವಳು. ತಪ್ಪಾಗಿ ಹೇಳಿದರೆ ನನಗೆ ನಗು ಬರುತ್ತಿತ್ತು. ನನ್ನ ಜೊತೆ ಮಾತಾಡಲು ನನ್ನ ಹೆಂಡತಿ ಇನ್ನೊಬ್ಬರ ಭಾಷೆ ಕಲಿಯುತ್ತಿದ್ದಾಳಲ್ಲ ಎಂದು ನೆನಪಾದೊಡನೆ ನಗು ನಿಲ್ಲುತ್ತಿತ್ತು. ನಾವು ಹೊರಡುವ ಮೊದಲೇ ಆ ಅಮ್ಮನ ಮಗ ತೀರಿಕೊಂಡ. ಅವರು ಯಾರಿಗೂ ಹೇಳದೆ ಹೋಗಿಬಿಟ್ಟರು. ಬೆಂಚಿನ ಮೇಲೆ ಮಜ್ಜಿಗೆಯ ಚೊಂಬು ಉಳಿದಿತ್ತು.

ಮಡಿಕೇರಿಗೆ ಬಂದ ದಿನ ಅವ್ವ ಬಾಗಿಲಲ್ಲೇ ನಿಂತಿದ್ದಳು. ಪುಷ್ಪಾ ಅವಳ ಹಿಂದೆ ಅವಿತುಕೊಂಡು ನನ್ನ ಬೋಳು ತಲೆ ನೋಡುತ್ತಿದ್ದಳು.

"ಬಾತಾ ಮಾತು? ಹೇಳ್ ಮಗ, 'ಅವ್ವ' ಹೇಳ್" ಎಂದಳು ಅವ್ವ.

ನಾನು ಪ್ರಯತ್ನಪಟ್ಟೆ. "ಅಮ್ಮಾ, ವಾಂಗೊ" ಎಂದಿತು ಬಾಯಿ. ಬನ್ನಿ ಎಂದು, ಬಸ್ಸಿಗೆ ಹತ್ತುವ ಯಾರೋ ಮುದುಕಿಗೆ ಹೇಳುವ ಹಾಗೆ.

ಅವ್ವ ದೇವಕಿಯ ಮುಖ ನೋಡಿದಳು. ದೇವಕಿ ತಲೆ ತಗ್ಗಿಸಿದಳು. ಆ ಹೊತ್ತಿನಿಂದ ಅವ್ವ ನನ್ನನ್ನು 'ನೀವು' ಎಂದು ಕರೆಯತೊಡಗಿದಳು. ಸಿಟ್ಟಿನಿಂದಲ್ಲ. ಮನೆಗೆ ಬಂದ ಪರಸ್ಥಳದವರ ಹತ್ತಿರ ಮರ್ಯಾದೆಯಿಂದ ಮಾತಾಡುವ ಹಾಗೆ, ಸ್ವಲ್ಪ ಹೆದರಿಕೆಯಿಂದ. "ಕೂತ್ಕೊಳಿ, ಕಾಫಿ ತಾನೆ" ಎಂದು ಕಾಫಿ ತರಲು ಒಳಗೆ ಹೋಗುವಳು. ಅದನ್ನು ಕೇಳಿದಾಗ ಆಗುತ್ತಿದ್ದ ನೋವನ್ನು ಹೇಳಲು ಈಗಲೂ ನನ್ನ ಬಳಿ ಮಾತಿಲ್ಲ. ಹಿಂದೆ ಇದ್ದಿದ್ದರೂ ಇರುತ್ತಿರಲಿಲ್ಲವೇನೋ.

ಒಂದು ದಿನ ಅವ್ವ ನನಗಿಷ್ಟವೆಂದು ಕಡುಬು ಮಾಡಿ ಬಡಿಸಿದಳು. ಹೊಟ್ಟೆ ತುಂಬಿದಾಗ "ಪೋದುಂ" ಎಂದೆ. ತಮಿಳಿನಲ್ಲಿ ಸಾಕು ಎಂದರ್ಥ. ಅವಳು ಇನ್ನೊಂದು ಹಾಕಿದಳು. ಕೈ ಅಡ್ಡ ಹಿಡಿಯಬಹುದಿತ್ತು. ಆದರೆ ನಾನು ಬಾಯಿಬಿಟ್ಟು ಏನೋ ಕೇಳಿದೆ, ಅದು ತನಗೆ ತಿಳಿಯಿತು ಎಂದು ಅವಳ ಮುಖ ಅರಳಿತ್ತು. "ಇನ್ನೂ ಬೇಕಂತೆ!" ಎಂದು ಒಳಗೆ ದೇವಕಿಗೆ ಕೂಗಿ ಹೇಳಿದಳು. ನಾನು "ಪೋದುಂ, ಪೋದುಂ" ಎನ್ನುತ್ತಾ ತಿಂದೆ.

ನೆಂಟರು ಬಂದರು, ನೋಡಿದರು, ಹೋದರು. ಯಾರೋ ತಮಿಳನ ಪ್ರೇತ ಹೊಕ್ಕಿದೆ ಎಂದು ಒಬ್ಬರು ಅವ್ವನ ಕಿವಿಯಲ್ಲಿ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. ಮಾತು ಬರದವನಿಗೆ ಕಿವಿಯೂ ಇಲ್ಲವೆಂದು ಜನ ತಿಳಿಯುತ್ತಾರೆ. ಮೊಯ್ದು ಮಾತ್ರ ಬಿಡುವಿದ್ದಾಗಲೆಲ್ಲ ಬಂದು ಜಗಲಿಯಲ್ಲಿ ಬೀಡಿ ಸೇದುತ್ತಾ ಕೂರುತ್ತಿದ್ದ. ಬಸ್ಸಿನ ವಿಷಯ ಹೇಳುತ್ತಿದ್ದ, ಉತ್ತರ ಕೇಳುತ್ತಿರಲಿಲ್ಲ. ನನ್ನ ಜಾಗಕ್ಕೆ ಬೇರೆಯವರು ಬಂದಿದ್ದಾರೆ ಎನ್ನುವುದನ್ನೂ ಅವನೇ ಹೇಳಿದ.

ಮಳೆಗಾಲದಲ್ಲಿ ಅವ್ವ ಜ್ವರ ಹಿಡಿದು ಮಲಗಿದಳು. ಕೊನೆಯ ದಿನಗಳಲ್ಲಿ ನಾನು ಅವಳ ಕಾಲ ಬಳಿ ಕೂತಿರುತ್ತಿದ್ದೆ. 'ಅವ್ವ' ಎನ್ನಬೇಕು, ಅಷ್ಟೆ. ಎರಡೇ ಅಕ್ಷರ. ತುಟಿ ಕೂಡಿಸಿ, ಉಸಿರು ಹಿಡಿದು, ಬೆವರುತ್ತಾ ಪ್ರಯತ್ನಿಸಿದೆ. ಬರಲಿಲ್ಲ. ಅವಳು ನನ್ನನ್ನು ನೋಡುತ್ತಾ, "ನೀವು ಉಂಡ್ರಾ?" ಎಂದು ಕೇಳುತ್ತಿದ್ದಳು. ಹಾಗೇ ಹೋದಳು.

ಅವ್ವನ ತಿಥಿ ಮುಗಿದು ಬಹಳ ದಿನವಾಗಿತ್ತು. ಒಂದು ಬೆಳಿಗ್ಗೆ ಎಲ್ಲಿಗೋ ಹೊರಡಲೆಂದು ಬಟ್ಟೆ ಹುಡುಕುತ್ತಿದ್ದೆ. ಯಾವ ಯೋಚನೆಯೂ ಇಲ್ಲದೆ, ಕೂಗಿದೆ: "ಅವ್ವಾ, ನನ್ನ ಅಂಗಿ ಎಲ್ಲುಟ್ಟು?"

ಪೂರ್ತಿ ವಾಕ್ಯ. ನಮ್ಮ ಮನೆಯ ಮಾತು. ಒಂದು ಅಕ್ಷರವೂ ತೊದಲಲಿಲ್ಲ.

ದೇವಕಿ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಇಬ್ಬರೂ ಅವ್ವ ಮಲಗುತ್ತಿದ್ದ ಮೂಲೆಯ ಕಡೆ ನೋಡಿದೆವು. ಆಮೇಲೆ ಅವಳು, "ಪೆಟ್ಟಿಗೆಲಿ ಉಟ್ಟು" ಎಂದು ಒಳಗೆ ಹೋದಳು. ನಾನು ಮತ್ತೊಮ್ಮೆ ಹೇಳಲು ನೋಡಿದೆ. ಆಗಲೇ ಹೊರಟುಹೋಗಿತ್ತು.

ಮುಂದಿನ ವರ್ಷಗಳಲ್ಲಿ ಒಂದಿಷ್ಟು ಬಂತು. ಪುಷ್ಪಾಳ ಒಂದನೇ ತರಗತಿಯ ಪುಸ್ತಕದಿಂದ ಅವಳ ಪಕ್ಕದಲ್ಲೇ ಕೂತು ಅ ಆ ಇ ಈ ಮತ್ತೆ ಕಲಿತೆ. ಹಾಗಾಗಿ ಪುಸ್ತಕದ ಕನ್ನಡ ನನಗೆ ಮನೆಯ ಮಾತಿಗಿಂತ ನೆಟ್ಟಗೆ ಬರುತ್ತದೆ. ಇದನ್ನು ಎಡಗೈಯಲ್ಲಿ ನಾನೇ ಬರೆಯುತ್ತಿದ್ದೇನೆ, ಪುಷ್ಪಾ ಕಾಗುಣಿತ ತಿದ್ದುತ್ತಾಳೆ. ಕೊಡವ ಭಾಷೆ ಕೇಳಿದರೆ ತಿಳಿಯುತ್ತದೆ, ಆಡಲು ಆಗುವುದಿಲ್ಲ. ಮಲಯಾಳ ಪೂರ್ತಿ ಹೋಯಿತು; ಮೊಯ್ದು ಬೈದರೂ ತಿಳಿಯುವುದಿಲ್ಲ. ಮನೆಯಲ್ಲಿ ನಾವು ಅರ್ಧ ತಮಿಳು ಅರ್ಧ ಅರೆಭಾಷೆ ಆಡುತ್ತೇವೆ. ಸುಸ್ತಾದ ದಿನ ಎಲ್ಲವೂ ಕೈಕೊಡುತ್ತದೆ. ಬಸ್ಸಿನ ಮಾಲೀಕರು ಶೆಡ್ಡಿನಲ್ಲಿ ಬಸ್ಸು ತೊಳೆಸುವ ಕೆಲಸ ಕೊಟ್ಟಿದ್ದಾರೆ. ತಲೆನೋವು ಬಂದಾಗಲೆಲ್ಲ ಅದು ಮತ್ತೆ ಬೆಳೆಯುತ್ತಿದೆಯೋ ಎಂಬ ಭಯ ಬರುತ್ತದೆ. ಅದಕ್ಕೆ ಮದ್ದಿಲ್ಲ.

ಕೊಡಗು ಮೈಸೂರಿಗೆ ಸೇರುವುದು ಖಚಿತವಾದ ವರ್ಷ, ಸೋಮವಾರಪೇಟೆಯ ಕಡೆಯಿಂದ ಗಿರಿಜಮ್ಮ ಎಂಬವರು ನಮ್ಮ ಮನೆ ಹುಡುಕಿಕೊಂಡು ಬಂದರು. ಅವರ ಗಂಡ ಮಲ್ಲೇಶಪ್ಪ ಏಲಕ್ಕಿ ಬೆಳೆಗಾರರು. ಅವರಿಗೂ ಇದೇ ಕಾಯಿಲೆ, ಮದ್ರಾಸಿನಲ್ಲೇ ಶಸ್ತ್ರಕ್ರಿಯೆ ಆಗಿತ್ತು.

"ಒಂದ್ಸಲ ಬಂದು ನೋಡಿ ಅಣ್ಣಾ. ನಮ್ಮ ಯಜಮಾನ್ರು ಏನು ಹೇಳ್ತಾರೋ ಒಂದೂ ತಿಳಿಯಕಿಲ್ಲ. ನಿಮಗಾದ್ರೂ ತಿಳಿದೀತು" ಎಂದರು.

ನನಗೆ ಹೋಗಲು ಇಷ್ಟವಿರಲಿಲ್ಲ. ಆ ಮಂಚ, ಆ ತಲೆಪಟ್ಟಿ ಮತ್ತೆ ನೋಡುವ ಧೈರ್ಯವಿರಲಿಲ್ಲ. ದೇವಕಿ ಸೀರೆ ಬದಲಾಯಿಸಿ ಹೊರಟು ನಿಂತಳು, ಆದ್ದರಿಂದ ಹೋದೆ.

ಮಲ್ಲೇಶಪ್ಪನವರು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಮನೆಯವರೆಲ್ಲ ಸುತ್ತ ನಿಂತು, "ಯಾರು ಬಂದವ್ರೆ ನೋಡಿ! ಮಾತಾಡ್ಸಿ!" ಎಂದು ಕೂಗುತ್ತಿದ್ದರು. ಆ ಕಣ್ಣುಗಳನ್ನು ನಾನು ಗುರುತಿಸಿದೆ. ಎಲ್ಲರೂ ಹೊರಗೆ ಹೋಗಿ ಎಂದು ಹೇಳಬೇಕೆಂದುಕೊಂಡೆ. ಅಷ್ಟು ಜನರ ಎದುರು ನನ್ನ ಮಾತೂ ನಿಂತುಹೋಯಿತು. ದೇವಕಿಗೆ ತಿಳಿಯಿತು. ಅವಳೇ ಎಲ್ಲರನ್ನೂ ಹೊರಡಿಸಿ, ಗಿರಿಜಮ್ಮನ ತೋಳು ಹಿಡಿದು ತಾನೂ ಹಿತ್ತಿಲಿಗೆ ಹೋದಳು.

ನಾವಿಬ್ಬರೇ ಉಳಿದೆವು. ಕಿಟಕಿಯಿಂದ ಹಿತ್ತಿಲು ಕಾಣುತ್ತಿತ್ತು. ಒಗೆಯುವ ಕಲ್ಲಿನ ಬಳಿ ಇಬ್ಬರು ಹೆಂಗಸರು ನಿಂತಿದ್ದರು. ಗಿರಿಜಮ್ಮ ಏನೋ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ದೇವಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಲ್ಲಿನ ಮೇಲೆ ಕುಸಿದು ಕೂತಳು. ಭುಜ ಅಲುಗುತ್ತಿತ್ತು. ಈಗ ಗಿರಿಜಮ್ಮನೇ ಅವಳನ್ನು ಹಿಡಿದುಕೊಂಡಿದ್ದರು. ಇಷ್ಟು ವರ್ಷ ಅವಳು ಎಲ್ಲಿ ಅತ್ತಳು, ಯಾರ ಹತ್ತಿರ ಹೇಳಿಕೊಂಡಳು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಏಳಬೇಕೆನಿಸಿತು. ಎದ್ದು ಹೋಗಿ ಏನು ಹೇಳುವುದು, ಯಾವ ಭಾಷೆಯಲ್ಲಿ?

ಮಲ್ಲೇಶಪ್ಪನವರೂ ಅದನ್ನೇ ನೋಡುತ್ತಿದ್ದರು.

"ಬಾಗ್ಲು" ಎಂದರು. "ಬಾಗ್ಲು... ಬಾಗ್ಲು."

ನಾನು ಎದ್ದು ಹಿತ್ತಿಲ ಬಾಗಿಲು ಮುಚ್ಚಿದೆ. ಅವರು ಜೋರಾಗಿ ತಲೆಯಲ್ಲಾಡಿಸಿದರು. ಪೂರ್ತಿ ತೆರೆದೆ. ಅದಕ್ಕೂ ತಲೆಯಲ್ಲಾಡಿಸಿದರು. ಬಾಗಿಲಿನ ಮೇಲೆ ಕೈಯಿಟ್ಟುಕೊಂಡು ನಿಂತಾಗ, ಅವರು ಹೇಳುತ್ತಿರುವುದು ಬಾಗಿಲೇ ಅಲ್ಲ ಎಂದು ಹೊಳೆಯಿತು. ಬೇರೆ ಯಾವುದೋ ಮಾತು ದಾರಿ ತಪ್ಪಿ ಬಾಗಿಲಾಗಿ ಹೊರಗೆ ಬಂದಿತ್ತು. ಅದು ಯಾವುದು ಎಂದು ನನಗೆ ತಿಳಿಯಲಿಲ್ಲ. ಅದನ್ನು ತಿಳಿದು ಹೇಳಲಿ ಎಂದೇ ಗಿರಿಜಮ್ಮ ಅಷ್ಟು ದೂರ ಬಂದು ನನ್ನನ್ನು ಕರೆತಂದಿದ್ದರು.

ನಾನು ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡು ಕೂತೆ. ಅವರು ಉಸಿರು ಎಳೆದುಕೊಂಡು ಮತ್ತೆ ಬಾಯಿ ತೆರೆದರು. ನಾನು ಕಾದೆ.